ಲೈಫ್‌ಟೈಮ್ ಐಸಾ: ಏಳು ವರ್ಷ ಹಣ ಕಟ್ಟಿ ಒಂದು ಫ್ಲಾಟ್ ಕೊಂಡವಳ ರಿವ್ಯೂ

ಬ್ರಿಟನ್ನಿನಲ್ಲಿ ಮೊದಲ ಮನೆಗೆ, ಇಲ್ಲವೇ 60 ದಾಟಿದ ಮೇಲಿನ ಬದುಕಿಗೆ ಹಣ ಕೂಡಿಡುವ ಉಳಿತಾಯ ಖಾತೆ ಈ ಲೈಫ್‌ಟೈಮ್ ಐಸಾ. ಅದಕ್ಕೆ ನನ್ನಿಂದ ಐದಕ್ಕೆ ಮೂರು ಸ್ಟಾರ್. ಅದರಲ್ಲಿ ಎರಡೂವರೆ ಸರ್ಕಾರ ಕೊಟ್ಟ ಬೋನಸ್ಸಿಗೆ. ಉಳಿದ ಅರ್ಧ, ಕೊನೆಗೂ ಮನೆ ಸಿಕ್ಕಿತಲ್ಲ ಅನ್ನುವ ಸಮಾಧಾನಕ್ಕೆ.

ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ರೆಡಿಂಗ್ ಊರಲ್ಲಿ ನಾನು ರೇಡಿಯೋಗ್ರಾಫರ್. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ತೆಗೆಯುವ ಕೆಲಸ. ವಯಸ್ಸು 38. ಒಬ್ಬಳೇ ಇರುವುದು, ಒಂದೇ ಸಂಬಳ. 2018ರ ಏಪ್ರಿಲ್‌ನಲ್ಲಿ ಈ ಖಾತೆ ತೆರೆದೆ. 2025ರ ಏಪ್ರಿಲ್ ಕೊನೆಯಲ್ಲಿ ಅದೇ ಹಣ ಹಾಕಿ ಟೈಲ್‌ಹರ್ಸ್ಟ್‌ನಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್ ಕೊಂಡೆ. ಇಲ್ಲಿಗೆ ಬಂದಿರುವ ನಮ್ಮ ಹುಡುಗ ಹುಡುಗಿಯರು "ಅಕ್ಕಾ, ಲೀಸಾ ತೆರೀಬಹುದಾ?" ಅಂತ ಆಗಾಗ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಹೌದು, ಇಲ್ಲಿ ಎಲ್ಲರೂ ಇದನ್ನು ಲೀಸಾ ಅಂತಲೇ ಕರೆಯುವುದು. ಮೊದಲ ಸಲ ಅಪ್ಪನಿಗೆ ಹೇಳಿದಾಗ ಅವರು ಗಾಬರಿಯಾಗಿ "ಲೀಸ್‌ಗೆ ಮನೆ ತಗೊಂಡ್ಯಾ? ಅಡ್ವಾನ್ಸ್ ಎಷ್ಟು ಕೊಟ್ಟೆ?" ಅಂದಿದ್ದರು.

ವಿಷಯ ಇಷ್ಟು. 2017ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ. 18 ವರ್ಷ ತುಂಬಿರಬೇಕು, 40 ಆಗಿರಬಾರದು, ಆಗ ಖಾತೆ ತೆರೆಯಬಹುದು. ವರ್ಷಕ್ಕೆ 4,000 ಪೌಂಡ್‌ವರೆಗೆ ಹಾಕಬಹುದು. ಹಾಕಿದ್ದಕ್ಕೆ ಸರ್ಕಾರ 25% ಸೇರಿಸುತ್ತದೆ. ಅಂದರೆ 4,000ಕ್ಕೆ 1,000 ಪೌಂಡ್ ಪುಕ್ಕಟೆ. ಅದರ ಮೇಲೆ ಬ್ಯಾಂಕಿನ ಬಡ್ಡಿ ಬೇರೆ, ಆ ಬಡ್ಡಿಗೆ ತೆರಿಗೆ ಇಲ್ಲ. ಯಾವ ಎಫ್‌ಡಿಯೂ ಇಷ್ಟು ಕೊಡುವುದಿಲ್ಲ. ಆದರೆ ಈ ಹಣ ತೆಗೆಯಲು ದಾರಿ ಎರಡೇ: ಸಾಲ ಮಾಡಿ ಮೊದಲ ಮನೆ ಕೊಳ್ಳಬೇಕು, ಇಲ್ಲವೇ 60 ವರ್ಷ ಆಗುವವರೆಗೆ ಕಾಯಬೇಕು. ವಾಸಿಯಾಗದ ಕಾಯಿಲೆ ಬಂದು ಹೆಚ್ಚು ದಿನ ಉಳಿಯುವುದಿಲ್ಲ ಅಂದರೂ ಕೊಡುತ್ತಾರೆ. ಬೇರೆ ಯಾವ ಕಾರಣಕ್ಕೆ ತೆಗೆದರೂ ತೆಗೆದ ಮೊತ್ತದಲ್ಲಿ 25% ದಂಡ.

ಇಲ್ಲಿ ಒಂದು ಲೆಕ್ಕ ಇದೆ. ಅದು ಮೊದಲ ನೋಟಕ್ಕೆ ಹೊಳೆಯುವುದಿಲ್ಲ. "25% ಕೊಟ್ಟರು, 25% ಕಿತ್ತುಕೊಂಡರು, ಸರಿಹೋಯ್ತು" ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. 2022ರವರೆಗೆ.

ಆ ವರ್ಷ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಮನೆ ಮಾರಲು ಹೊರಟರು. ನನಗೆ ಸೆಕ್ಷನ್ 21 ನೋಟಿಸ್ ಬಂತು. ಆಗಿನ ಕಾನೂನಿನಲ್ಲಿ ಕಾರಣ ಹೇಳಬೇಕಾಗಿಲ್ಲ, ಎರಡು ತಿಂಗಳ ಗಡುವು ಕೊಟ್ಟರೆ ಸಾಕು. ಹೊಸ ಮನೆಯ ಬಾಡಿಗೆ ತಿಂಗಳಿಗೆ 1,150. ಐದು ವಾರದ ಬಾಡಿಗೆ ಡೆಪಾಸಿಟ್, 1,327 ಪೌಂಡ್. ಮೊದಲ ತಿಂಗಳ ಬಾಡಿಗೆ ಮುಂಗಡ. ಹಳೆಯ ಮನೆ ಫರ್ನಿಶ್ಡ್ ಆಗಿತ್ತು, ಹೊಸದರಲ್ಲಿ ಮಂಚವೂ ಇಲ್ಲ. ವ್ಯಾನಿನವನಿಗೆ ಬೇರೆ ಕೊಡಬೇಕು. ಹಳೆಯ ಡೆಪಾಸಿಟ್ ವಾಪಸ್ ಬರುವುದು ಮನೆ ಬಿಟ್ಟ ಮೇಲೆ ತಾನೇ. ಒಟ್ಟು 3,000 ಪೌಂಡ್ ಬೇಕಿತ್ತು. ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಜಾಣತನ ಅಂದುಕೊಂಡು ಲೀಸಾಗೆ ಸುರಿದಿದ್ದೆ. 3,000 ಸಿಗಬೇಕಾದರೆ 4,000 ತೆಗೆಯಬೇಕಾಯಿತು.

ಈಗ ಲೆಕ್ಕ ನೋಡಿ. ಆ 4,000ದಲ್ಲಿ ನನ್ನದು 3,200, ಸರ್ಕಾರದ ಬೋನಸ್ 800. ಕೈಗೆ ಬಂದದ್ದು 3,000. ಬೋನಸ್ ಹೋಗಲಿ ಬಿಡಿ, ಅದು ಅವರದ್ದೇ. ನನ್ನ ದುಡಿಮೆಯ 200 ಪೌಂಡನ್ನೂ ಜೊತೆಗೇ ಒಯ್ದರು. ಅಂದರೆ ನಮ್ಮ ಹಣದ ಮೇಲೆ 6.25% ನಷ್ಟ. ಕೋವಿಡ್ ಸಮಯದಲ್ಲಿ, 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗೆ ಈ ದಂಡವನ್ನು 20%ಗೆ ಇಳಿಸಿದ್ದರು. ಆಗ ತೆಗೆದವರಿಗೆ ಬೋನಸ್ ಮಾತ್ರ ಹೋಯಿತು, ಗಂಟು ಉಳಿಯಿತು. ಆಮೇಲೆ ಮತ್ತೆ 25%. ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನೆ ಇಲ್ಲದವಳನ್ನು ಬಾಡಿಗೆ ಮನೆಯಿಂದ ಎಬ್ಬಿಸಿದರು. ಮನೆಗೆ ಅಂತ ಕೂಡಿಟ್ಟದ್ದನ್ನು ಮುಟ್ಟಿದ್ದಕ್ಕೆ ದಂಡವನ್ನೂ ಅವಳೇ ಕಟ್ಟಿದಳು. ಕಿತ್ತ ಒಂದು ಸ್ಟಾರ್ ಪೂರ್ತಿ ಇದಕ್ಕೇ.

ನಾನೊಬ್ಬಳೇ ಏನೂ ಅಲ್ಲ. ಸಂಸತ್ತಿನ ಟ್ರೆಷರಿ ಕಮಿಟಿ 2025ರಲ್ಲಿ ಈ ಯೋಜನೆಯ ಬಗ್ಗೆ ಒಂದು ವರದಿ ಕೊಟ್ಟಿತು. 2023-24ರಲ್ಲಿ ಮನೆ ಕೊಳ್ಳಲು ಹಣ ತೆಗೆದವರಿಗಿಂತ ದಂಡ ತೆತ್ತು ತೆಗೆದವರೇ ಜಾಸ್ತಿ ಅಂತ ಅದರಲ್ಲಿದೆ.

ಹೊಸ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಈಗ 76. ಗಂಡ ಬಸ್ ಡ್ರೈವರ್ ಆಗಿದ್ದವರು, ತೀರಿಕೊಂಡಿದ್ದಾರೆ. ಅಜ್ಜಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರಂತೆ. ನೈಟ್ ಶಿಫ್ಟ್ ಮುಗಿಸಿ ಬಂದಾಗ ಬೇಲಿಯ ಆಚೆಯಿಂದ "ಟೀ ಕುಡೀತೀಯಾ ಲವ್?" ಅನ್ನುತ್ತಿದ್ದರು. ನಾನು ಲೀಸಾ ವಿಷಯ ಹೇಳಿದಾಗ ಅವರ ಮೊದಲ ಮಾತು: "ಸರ್ಕಾರ ದುಡ್ಡು ಬೇರೆ ಕೊಡುತ್ತಾ? ನಮಗೆ ಯಾರು ಕೊಟ್ರು? ನಾವು 15 ಪರ್ಸೆಂಟ್ ಬಡ್ಡಿ ಕಟ್ಟಿದ್ದೀವಿ."

ಈ 15 ಪರ್ಸೆಂಟ್ ಮಾತು ಇಲ್ಲಿಯ ಹಿರಿಯರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಅವರ ಅಡುಗೆಮನೆಯ ಮೇಜಿನ ಮೇಲೆ ಇಬ್ಬರೂ ಪೆನ್ನು ಕಾಗದ ಹಿಡಿದು ಕೂತೆವು.

ಅವರು ಮನೆ ಕೊಂಡದ್ದು 1979ರಲ್ಲಿ. ಮೂರು ಬೆಡ್‌ರೂಮ್, ಹಿಂದೆ ತೋಟ, 18,500 ಪೌಂಡ್. ಆ ಕಾಲದಲ್ಲಿ ಬಿಲ್ಡಿಂಗ್ ಸೊಸೈಟಿಯಲ್ಲಿ, ಅಂದರೆ ಮನೆ ಸಾಲ ಕೊಡುವ ಸಂಸ್ಥೆಯಲ್ಲಿ, ವರ್ಷಗಟ್ಟಲೆ ಉಳಿತಾಯ ಖಾತೆ ಇಟ್ಟಿದ್ದರೆ ಮಾತ್ರ ಮ್ಯಾನೇಜರ್ ಸಾಲದ ಮಾತಿಗೆ ಕೂರಿಸುತ್ತಿದ್ದನಂತೆ. ಗಂಡ ಕೋಟು ಹಾಕಿಕೊಂಡು ಹೋಗಿದ್ದರು. ಹೆಂಡತಿಯ ಸಂಬಳದ ಬಗ್ಗೆ ಮ್ಯಾನೇಜರ್ ಕೇಳಲೇ ಇಲ್ಲ ಅಂತ ಅಜ್ಜಿಗೆ ಇನ್ನೂ ಸಿಟ್ಟು. ಕೊಂಡ ವರ್ಷದ ನವೆಂಬರ್‌ನಲ್ಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು 17%ಗೆ ಏರಿಸಿತು. ಮನೆ ಸಾಲ 15% ಆಯಿತು. ಸಾಲ 16,650. ವರ್ಷದ ಬಡ್ಡಿಯೇ 2,500 ಹತ್ತಿರ. ಗಂಡನ ಸಂಬಳ ವರ್ಷಕ್ಕೆ 4,800 ಇತ್ತಂತೆ. ಅರ್ಧಕ್ಕಿಂತ ಜಾಸ್ತಿ! ನಾನು ಪೆನ್ನು ಕೆಳಗಿಟ್ಟೆ. ಅಜ್ಜಿ ಹೇಳಿದ್ದು ನಿಜ. ನನ್ನ ಸಾಲದ ಬಡ್ಡಿ ನನ್ನ ಸಂಬಳದ ಐದನೇ ಒಂದು ಭಾಗ ಅಷ್ಟೇ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಆಗ ಬಡ್ಡಿಯ ಮೇಲೆ ತೆರಿಗೆ ರಿಯಾಯಿತಿ ಇತ್ತು. ಅದನ್ನು ಪೂರ್ತಿ ತೆಗೆದದ್ದು 2000ರ ಏಪ್ರಿಲ್‌ನಲ್ಲಿ. 1980ರಲ್ಲಿ ಬೆಲೆ ಏರಿಕೆ 18%. ಸಂಬಳವೂ ಅದರ ಹಿಂದೆ ಓಡಿತು. "ಆರು ವರ್ಷದಲ್ಲಿ ಅವರ ಸಂಬಳ ಡಬಲ್ ಆಯ್ತು," ಅಂದರು ಅಜ್ಜಿ. ಸಾಲ ಮಾತ್ರ ಅದೇ ಹದಿನಾರು ಸಾವಿರ ಚಿಲ್ಲರೆ. ಉಪ್ಪು ನೀರಿನಲ್ಲಿ ಕರಗಿದ ಹಾಗೆ ಕರಗಿತು. ನಾನು ಇನ್ನೊಂದು ಪ್ರಶ್ನೆ ಕೇಳಿದೆ: "ಮನೆ ಕೊಳ್ಳುವಾಗ ಕೈಯಿಂದ ಕಟ್ಟಿದ ಡೆಪಾಸಿಟ್ ಎಷ್ಟು, ಎಷ್ಟು ದಿನಕ್ಕೆ ಕೂಡಿಸಿದಿರಿ?" 1,850 ಪೌಂಡ್, ಮೂರು ವರ್ಷ. ನನ್ನದು 31,000 ಪೌಂಡ್, ಏಳು ವರ್ಷ. ಈ ಸಲ ಅಜ್ಜಿ ಪೆನ್ನು ಕೆಳಗಿಟ್ಟರು. ಅವರಿಗೆ ಕಷ್ಟ ಬಾಗಿಲ ಒಳಗೆ ಹೋದ ಮೇಲೆ ಶುರುವಾಯಿತು. ನಮಗೆ ಬಾಗಿಲ ಹೊರಗೇ. ಇಬ್ಬರೂ ತಮ್ಮ ಕಷ್ಟದ ಬಗ್ಗೆ ಮಾತ್ರ ಹೇಳುತ್ತಾ ಇದ್ದೆವು, ಅಷ್ಟೇ.

ಅಜ್ಜಿಯ ಮಗನ ಕಥೆ ಬೇರೆ. ಅವರು ಮನೆ ಕೊಂಡದ್ದು 1997ರಲ್ಲಿ, 25ನೇ ವಯಸ್ಸಿಗೆ. ಆ ವರ್ಷ ಇಂಗ್ಲೆಂಡಿನಲ್ಲಿ ಒಂದು ಸಾಧಾರಣ ಮನೆಯ ಬೆಲೆ ಸಾಧಾರಣ ವಾರ್ಷಿಕ ಸಂಬಳದ ಮೂರೂವರೆ ಪಟ್ಟು. 2024ರಲ್ಲಿ ಅದು 7.7 ಪಟ್ಟು. ಅಜ್ಜಿಯ ಕಾಲಕ್ಕಿಂತ ಬಡ್ಡಿ ಕಡಿಮೆ, ನಮ್ಮ ಕಾಲಕ್ಕಿಂತ ಬೆಲೆ ಕಡಿಮೆ ಇದ್ದಾಗ ಹೊಕ್ಕವರು. ಆದರೂ ಬುದ್ಧಿಮಾತು ಜಾಸ್ತಿ ಬಂದದ್ದು ಅವರಿಂದಲೇ. "ಹೊರಗೆ ಕಾಫಿ ಕುಡಿಯೋದು ಬಿಟ್ಟು ನೋಡಿ." ನಾನು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುವವಳು. ಬಿಡುವುದಕ್ಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಇನ್ನು ನಮ್ಮ ಡಿಪಾರ್ಟ್‌ಮೆಂಟಿನ 26ರ ಹುಡುಗ. ಸ್ವಿಂಡನ್‌ನಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ರೈಲಿನಲ್ಲಿ ಓಡಾಡುತ್ತಾನೆ. ಲೀಸಾ ಬಗ್ಗೆ ಹೇಳಿದರೆ ನಗುತ್ತಾನೆ. "ವರ್ಷಕ್ಕೆ ಸಾವಿರ ಪೌಂಡ್ ಕೊಡ್ತಾರೆ, ಮನೆ ಬೆಲೆ ವರ್ಷಕ್ಕೆ ಎಷ್ಟು ಏರುತ್ತೆ? ನಂಗೆ ಮನೆ ಸಿಗೋದು ಅಪ್ಪ ಅಮ್ಮ ತಮ್ಮ ಮನೆ ಮಾರಿದಾಗ." ಇಲ್ಲಿ ಇದಕ್ಕೆ ಬ್ಯಾಂಕ್ ಆಫ್ ಮಮ್ ಅಂಡ್ ಡ್ಯಾಡ್ ಅಂತಲೇ ಹೆಸರಿದೆ. ಆ ಬ್ಯಾಂಕಿನಲ್ಲಿ ಖಾತೆ ಇರುವವರಿಗೆ ಲೀಸಾ ಬರೀ ಉಪ್ಪಿನಕಾಯಿ. ಇಲ್ಲದವರಿಗೆ ಅದೇ ಊಟ. ನನ್ನ ಇನ್ನೊಬ್ಬ ಸಹೋದ್ಯೋಗಿಗೆ ಅಪ್ಪ ಅಮ್ಮ ದೊಡ್ಡ ಮೊತ್ತ ಕೊಟ್ಟರು. "ಇದು ಉಡುಗೊರೆ, ಸಾಲ ಅಲ್ಲ, ಮನೆ ಮೇಲೆ ನಮಗೆ ಹಕ್ಕಿಲ್ಲ" ಅಂತ ಒಂದು ಪತ್ರ ಬರೆದು ಸಾಲ ಕೊಡುವವರಿಗೆ ಸಲ್ಲಿಸಿದರು. ಒಂದೇ ವಾರದ ಕೆಲಸ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಮ್ಮ ಅಪ್ಪನಿಗೂ ಕೊಡುವ ಆಸೆ ಬಂತು. 2023ರಲ್ಲಿ ಫೋನ್ ಮಾಡಿ "ಊರಿನ ಮನೇಲಿ ಅರ್ಧ ಪಾಲು ನಿನ್ನ ಹೆಸರಿಗೆ ಮಾಡಿಬಿಡ್ತೀನಮ್ಮ" ಅಂದರು. ನಾನು ಹೆಚ್ಚುಕಡಿಮೆ ಕಿರುಚಿದೆ. ಯಾಕೆ ಅಂದರೆ ಲೀಸಾ ನಿಯಮದಲ್ಲಿ ಮೊದಲ ಮನೆ ಅಂದರೆ ಬ್ರಿಟನ್ನಿನಲ್ಲಿ ಮೊದಲನೆಯದು ಅಂತ ಅಲ್ಲ. ಪ್ರಪಂಚದಲ್ಲೇ ಮೊದಲನೆಯದು. ಎಲ್ಲೇ ಆಗಲಿ ಒಂದು ಮನೆಯಲ್ಲಿ ಪಾಲು ಬಂತೋ, ಮುಗಿಯಿತು. ಆಮೇಲೆ ಮನೆಗೆ ಅಂತ ಹಣ ತೆಗೆದರೂ ದಂಡವೇ. ಮೊದಲ ಮನೆ ಕೊಳ್ಳುವವರಿಗೆ ಇರುವ ಸ್ಟಾಂಪ್ ಡ್ಯೂಟಿ ರಿಯಾಯಿತಿಗೂ ಇದೇ ನಿಯಮ. ಇದನ್ನು ನಮ್ಮವರು ಎಷ್ಟೋ ಜನ ಗಮನಿಸಿಯೇ ಇರುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಲ್ಲಮ್ಮಾ, ನಮ್ಮನೇನ ನನ್ನ ಮಗಳ ಹೆಸರಿಗೆ ಬರೆಯೋಕೂ ಇಂಗ್ಲೆಂಡ್ ಸರ್ಕಾರದ ಪರ್ಮಿಷನ್ ಬೇಕಾ?"

ನಾಲ್ಕೂವರೆ ಲಕ್ಷದ ಮಿತಿ ಇನ್ನೊಂದು ತಕರಾರು. ಮನೆ ಬೆಲೆ 4,50,000 ಪೌಂಡ್ ದಾಟಿದರೆ ಲೀಸಾ ಹಣಕ್ಕೆ ದಂಡ ಬೀಳುತ್ತದೆ. 2017ರಲ್ಲಿ ಹಾಕಿದ ಗೆರೆ, ಇವತ್ತಿನವರೆಗೂ ಒಂದು ಪೌಂಡ್ ಮೇಲೇರಿಲ್ಲ. ರೆಡಿಂಗ್‌ನಲ್ಲಿ ನನ್ನಂಥವಳಿಗೆ ಇದು ತಟ್ಟುವುದಿಲ್ಲ, ನನ್ನ ಫ್ಲಾಟ್ 2,45,000. ಆದರೆ ಲಂಡನ್ನಿನ ನನ್ನ ಗೆಳತಿ ಮತ್ತು ಅವಳ ಗಂಡನಿಗೆ ತಟ್ಟಿತು. ಇಬ್ಬರಿಗೂ ಬೇರೆ ಬೇರೆ ಲೀಸಾ, ತಲಾ 20,000. ಇಷ್ಟಪಟ್ಟ ಫ್ಲಾಟಿಗೆ 4,55,000 ಕೇಳಿದರು. ಐದು ಸಾವಿರ ಇಳಿಸಿ ಅಂತ ಅಂಗಲಾಚಿದರೂ ಮಾರುವವರು ಬಗ್ಗಲಿಲ್ಲ. ಕೊಂಡರೆ 10,000 ದಂಡ. ಬಿಟ್ಟುಬಿಟ್ಟರು. ಇನ್ನಷ್ಟು ದೂರದಲ್ಲಿ 4,38,000ಕ್ಕೆ ಒಂದು ಸಿಕ್ಕಿತು. ಈಗ ದಿನಾ ಹೋಗಿಬರುವುದಕ್ಕೆ ಒಂದು ಗಂಟೆ ಹೆಚ್ಚು.

ಹಣ ಹೊರಗೆ ತೆಗೆಯುವ ವಿಧಾನದ ಬಗ್ಗೆಯೂ ಹೇಳಬೇಕು. ಮನೆಗೆ ಬೇಕಾದಾಗ ಹಣ ನಮ್ಮ ಕೈಗೆ ಬರುವುದಿಲ್ಲ. ನಮ್ಮ ಸಾಲಿಸಿಟರ್, ಅಂದರೆ ಮನೆಯ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಕೇಳಬೇಕು, ಹಣ ಅವರಿಗೇ ಹೋಗುತ್ತದೆ. ಫಾರ್ಮ್ ಸರಿಯಾಗಿ ತಲುಪಿದ ಮೇಲೆ 30 ದಿನದವರೆಗೆ ಹಿಡಿಯಬಹುದು. ಸಾಲಿಸಿಟರ್ ಕೈಗೆ ಬಂದ 90 ದಿನದೊಳಗೆ ಮನೆ ನಮ್ಮದಾಗಬೇಕು. ನನ್ನ ಕಾಗದಪತ್ರದ ಓಡಾಟ ನಡೆದದ್ದು 2025ರ ಮಾರ್ಚ್‌ನಲ್ಲಿ. ಏಪ್ರಿಲ್ 1ರಿಂದ ಮೊದಲ ಮನೆ ಕೊಳ್ಳುವವರಿಗೆ ಸ್ಟಾಂಪ್ ಡ್ಯೂಟಿ ಇಲ್ಲದ ಮಿತಿ 4,25,000ದಿಂದ 3,00,000ಕ್ಕೆ ಇಳಿಯುವುದಿತ್ತು. ನನಗೆ ಅದರಿಂದ ವ್ಯತ್ಯಾಸ ಇರಲಿಲ್ಲ, ಆದರೆ ಊರಿನ ಸಾಲಿಸಿಟರ್‌ಗಳೆಲ್ಲ ಸಂತೆಯಲ್ಲಿ ಸಿಕ್ಕಿಕೊಂಡವರ ಹಾಗೆ ಇದ್ದರು. ಆ ಗಲಾಟೆಯಲ್ಲಿ ನನ್ನ ಫಾರ್ಮ್ ಒಂಬತ್ತು ದಿನ ಬಿಟ್ಟು ವಾಪಸ್ ಬಂತು. ಕಾರಣ? ಇನಿಷಿಯಲ್! ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ ಬಿಡಿಸಿ ಬರೆದಿದೆ. 2018ರಲ್ಲಿ ಲೀಸಾ ತೆರೆದಾಗ ನಾನು ಒಂದೇ ಅಕ್ಷರ ಹಾಕಿದ್ದೆ. ಎರಡೂ ಒಬ್ಬಳೇ ಅಂತ ಸಾಬೀತು ಮಾಡಲು ಮತ್ತೆ ಒಂದು ವಾರ. ನಮ್ಮ ಕಡೆಯವರು ಖಾತೆ ತೆರೆಯುವ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೆಸರು ಬರೆಯಿರಿ.

ಅದಕ್ಕೂ ಮುಂಚೆ 2024ರಲ್ಲಿ ಒಂದು ಫ್ಲಾಟ್ ಕೈತಪ್ಪಿತ್ತು. ಬೆಲೆ ಮಾತಾಗಿ, ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೆ ಆಗಿ, ಕೊನೆಗೆ ಮಾರುವವರು ಜಾಸ್ತಿ ಕೊಡುವವರ ಕಡೆ ಹೋದರು. ಇಂಗ್ಲೆಂಡಿನಲ್ಲಿ ಕಾಂಟ್ರಾಕ್ಟ್ ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರಿನ ವಿನಿಮಯ, ಆಗುವವರೆಗೆ ಕೊಟ್ಟ ಮಾತಿಗೆ ಕಾನೂನಿನ ಬೆಲೆ ಇಲ್ಲ. ಸರ್ವೆ ಮತ್ತು ಸಾಲಿಸಿಟರ್ ಫೀಸು ನೀರುಪಾಲು. ಇದು ಲೀಸಾದ ತಪ್ಪಲ್ಲ, ಸ್ಟಾರ್ ಕಿತ್ತಿಲ್ಲ.

ಲೆಕ್ಕ ಒಪ್ಪಿಸಿಬಿಡುತ್ತೇನೆ. ಆರು ವರ್ಷ ತಲಾ 4,000 ಹಾಕಿದೆ. ಮನೆ ಬದಲಾಯಿಸಿದ ವರ್ಷ 2,000 ಮಾತ್ರ ಆಯಿತು. ಒಟ್ಟು 26,000. ಬೋನಸ್ 6,500. ಮಧ್ಯೆ ತೆಗೆದದ್ದು 4,000. ಬಡ್ಡಿ ಎರಡೂವರೆ ಸಾವಿರ. ಉಳಿದದ್ದು 31,000. ಬಾಕಿ 2,14,000 ಸಾಲ. ಸಾಲ ಕೊಡುವವರು ಸಾಮಾನ್ಯವಾಗಿ ಹಾಕುವ, ವಾರ್ಷಿಕ ಸಂಬಳದ ನಾಲ್ಕೂವರೆ ಪಟ್ಟಿನ ಲೆಕ್ಕದಲ್ಲಿ ನನಗೆ ಅದಕ್ಕಿಂತ ಜಾಸ್ತಿ ಸಾಲ ಸಿಗುವುದು ಕಷ್ಟವೇ ಇತ್ತು. ಅಂದರೆ ಆ ಬೋನಸ್ ಇಲ್ಲದಿದ್ದರೆ ಈ ಫ್ಲಾಟ್ ಇಲ್ಲ. ಮೂವತ್ತು ವರ್ಷದ ಸಾಲ, ತಿಂಗಳ ಕಂತು 1,097. ಬಿಟ್ಟು ಬಂದ ಮನೆಯ ಬಾಡಿಗೆ ಅಷ್ಟೊತ್ತಿಗೆ 1,280 ಆಗಿತ್ತು. 1,280 ಪೌಂಡ್ ಬಾಡಿಗೆ ತಪ್ಪದೆ ಕಟ್ಟುತ್ತಿದ್ದವಳು 1,097ರ ಕಂತು ಕಟ್ಟಬಲ್ಲಳೇ ಅಂತ ಸಾಲ ಕೊಡುವವರು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಿರುವಿ ನೋಡಿದರು. ನಗು ಬರುತ್ತದೆ, ಅಲ್ವಾ?

ಹಾಗಾದರೆ ತೆರೆಯಬೇಕಾ? ವೀಸಾ ಮೇಲೆ ಇದ್ದರೂ ತೆರೆಯಬಹುದು, ಇಲ್ಲಿ ವಾಸ ಇರಬೇಕು ಅಷ್ಟೇ. ಆದರೆ ಎರಡು ಮೂರು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಬೇಡವೇ ಬೇಡ. ಹೋದ ಮೇಲೆ ಹಣ ಹಾಕುವಂತಿಲ್ಲ, ತೆಗೆದರೆ ದಂಡ, ಇಲ್ಲವೇ 60ರವರೆಗೆ ಕಾಯಬೇಕು. ಇಲ್ಲೇ ಇರುವುದು ಖಚಿತ, ಕೊಳ್ಳುವ ಮನೆ ನಾಲ್ಕೂವರೆ ಲಕ್ಷದ ಒಳಗೆ ಅಂದರೆ ತೆರೆಯಿರಿ. ದೊಡ್ಡ ಹೈ ಸ್ಟ್ರೀಟ್ ಬ್ಯಾಂಕುಗಳಲ್ಲಿ ಹೆಚ್ಚಿನವು ಇದನ್ನು ಕೊಡುವುದಿಲ್ಲ, ಸ್ವಲ್ಪ ಹುಡುಕಬೇಕು. ಮೊದಲ ಹಣ ಹಾಕಿದ ಮೇಲೆ 12 ತಿಂಗಳು ಕಳೆಯದೆ ಮನೆಗೆ ಬಳಸುವಂತಿಲ್ಲ. ಹಾಗಾಗಿ ಇವತ್ತೇ ಒಂದು ಪೌಂಡ್ ಹಾಕಿ ಗಡಿಯಾರ ಶುರು ಮಾಡಿ. 39 ನಡೆಯುತ್ತಿರುವವರಂತೂ ಹುಟ್ಟುಹಬ್ಬಕ್ಕೆ ಮುಂಚೆ. ಮತ್ತೆ, ನನ್ನ ಹಾಗೆ ಎಲ್ಲವನ್ನೂ ಅದರಲ್ಲೇ ಸುರಿಯಬೇಡಿ. ಮೂರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇಟ್ಟು, ಮಿಕ್ಕಿದ್ದು ಇಲ್ಲಿಗೆ. ಅಂದಹಾಗೆ, 2025ರ ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಇದರ ಬದಲು ಮೊದಲ ಮನೆ ಕೊಳ್ಳುವವರಿಗೆ ಇನ್ನೂ ಸರಳವಾದ ಹೊಸ ಐಸಾ ತರುವ ಮಾತಾಡಿದೆ. ಬರಲಿ, ನೋಡೋಣ. ಅದನ್ನು ಕಾಯುತ್ತಾ ಈ ವರ್ಷದ ಸಾವಿರ ಪೌಂಡ್ ಕಳೆದುಕೊಳ್ಳುವುದು ಬೇಡ.

ಗೃಹಪ್ರವೇಶಕ್ಕೆ ಅಜ್ಜಿ ಬಂದಿದ್ದರು. ಬಸ್ಸಿನಲ್ಲಿ ಒಬ್ಬರೇ ಬಂದು ಎರಡು ಮಹಡಿ ಹತ್ತಿದರು. ಹಾಲು ಉಕ್ಕುವುದನ್ನು ನೋಡಿ "ಅಯ್ಯೋ, ಗ್ಯಾಸ್ ಆಫ್ ಮಾಡು" ಅಂತ ಓಡಿಬಂದರು. ಆಮೇಲೆ ಇಡೀ ಫ್ಲಾಟ್ ಸುತ್ತಿ, ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ, "ತೋಟ ಎಲ್ಲಿ?" ಅಂತ ಕೇಳಿದರು.

ಲೀಸಾ ಖಾತೆ ಇನ್ನೂ ಇದೆ. ಹಣವೆಲ್ಲ ಸಾಲಿಸಿಟರ್‌ಗೆ ಹೋದ ಮೇಲೆ ಕೊನೆಯ ತಿಂಗಳ ಬಡ್ಡಿ ಅಂತ 12 ಪೌಂಡ್ 40 ಪೆನ್ಸ್ ಬಂದು ಕೂತಿದೆ. ತೆಗೆದರೆ ದಂಡ ಕಳೆದು 9 ಪೌಂಡ್ 30 ಪೆನ್ಸ್ ಸಿಗುತ್ತದೆ. ತೆಗೆದಿಲ್ಲ. ನನಗೆ 60 ಆಗುವುದಕ್ಕೆ ಇನ್ನು ಇಪ್ಪತ್ತೆರಡೇ ವರ್ಷ.